ಕಂಬದ ನಾದವೂ ಫಲಕದ ಮಾತೂ

ಹಂಪೆಯ ವಿಜಯವಿಠ್ಠಲ ದೇವಾಲಯವನ್ನು ಕಣ್ಣಾರೆ ಕಾಣದ ಕನ್ನಡಿಗರು ಅನೇಕರಿರಬಹುದು. ಆದರೆ ಅಲ್ಲಿಯ ಹಾಡುವ ಕಂಬಗಳ ಸುದ್ದಿಯನ್ನು ಕೇಳದವರು ವಿರಳ. ಕೆಲವು ವರ್ಷಗಳ ಹಿಂದೆ ನಾವು ನಮ್ಮ ಕಾಲೇಜಿನ ವಿಜ್ಞಾನ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಪ್ರವಾಸ ಹೋಗಿದ್ದೆವು. ಮಹಾಮಂಟಪದ ಮುಂದೆ, ಕಟ್ಟಿದ ಹಗ್ಗದಿಂದ ಈಚೆಗೆ, ಮಧ್ಯಾಹ್ನದ ಬಿಸಿಲಿನಲ್ಲಿ ನಿಂತು ಮಾರ್ಗದರ್ಶಕರ ಮಾತುಗಳನ್ನು ಕೇಳುತ್ತಿದ್ದೆವು.

“ನೋಡಿ ಮಕ್ಕಳೇ, ಈ ಕಂಬ ತಟ್ಟಿದರೆ ಮೃದಂಗ, ಆ ಕಂಬ ತಟ್ಟಿದರೆ ಗಂಟೆ, ಅದರಾಚೆಯದು ಜಲತರಂಗ. ಒಳಗೆ ಏನು ಇಟ್ಟಿದ್ದಾರೆಂದು ನೋಡುವುದಕ್ಕೆ ಬ್ರಿಟಿಷರು ಎರಡು ಕಂಬ ಕುಯ್ಯಿಸಿದರು. ಏನೂ ಸಿಗಲಿಲ್ಲ!” ಎಂದು ಅವರು ಕೈಯೆತ್ತಿ ಹೇಳಿದಾಗ ಮಕ್ಕಳೆಲ್ಲರೂ ಬಾಯಿ ತೆರೆದು ನಿಂತರು. ನಮ್ಮ ವಿದ್ಯಾರ್ಥಿನಿಯೊಬ್ಬಳು ಮಾತ್ರ ಸುಮ್ಮನಿರಲಿಲ್ಲ. “ಹಾಗಾದರೆ ಕಂಬ ಟೊಳ್ಳೋ, ಗಟ್ಟಿಯೋ?” ಎಂದು ಕೇಳಿದಳು. ಮಾರ್ಗದರ್ಶಕರು ನಕ್ಕು, “ಅದು ದೇವರ ಮಹಿಮೆ ತಾಯಿ. ಬೇಕಾದರೆ ನಿಮ್ಮ ಮೇಷ್ಟ್ರನ್ನು ಕೇಳು” ಎಂದರು.

ಮೇಷ್ಟರಾದ ನಾವು ಉತ್ತರ ಕೊಟ್ಟೆವು. ಕಂಬದೊಳಗೆ ಎಲ್ಲಿಯೋ ಪೊಳ್ಳು ಇರಬೇಕು, ಅದರೊಳಗಿನ ವಾಯು ಅನುರಣನಗೊಳ್ಳುತ್ತಿರಬೇಕು ಎಂದು, ಕೊಳಲಿನ ಉದಾಹರಣೆಯನ್ನೂ ಸೇರಿಸಿ, ಗಾಂಭೀರ್ಯದಿಂದ ವಿವರಿಸಿದೆವು. ಊರಿಗೆ ಮರಳಿದ ಮೇಲೆ ಗ್ರಂಥಾಲಯದಲ್ಲಿ ಹುಡುಕಿ ಓದಿದಾಗ ನಮ್ಮ ಉತ್ತರ ತಪ್ಪೆಂದು ತಿಳಿಯಿತು. ಮಾರ್ಗದರ್ಶಕರದು ಕಥೆ, ನಮ್ಮದು ತಪ್ಪು. ನಡುವೆ ನಿಂತ ಹುಡುಗಿಗೆ ಸಿಕ್ಕಬೇಕಾಗಿದ್ದ ಉತ್ತರ ಸಿಕ್ಕಲಿಲ್ಲ. ಈ ಕೊರತೆಯನ್ನು ತುಂಬುವುದಕ್ಕೆಂದೇ ಒಂದು ವಿದ್ಯೆ ಬೆಳೆದುಬಂದಿದೆ. ಅದನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುವ ವಿಶ್ವವಿದ್ಯಾಲಯಗಳೂ ಉಂಟು. ಸಾಂಸ್ಕೃತಿಕ ಪರಂಪರೆಯ ಸಂವಹನ ಎಂಬುದು ಅದರ ಹೆಸರು. ಹೆಸರು ಸ್ವಲ್ಪ ಭಾರವಾಗಿದೆ, ನಿಜ. ವಿಷಯ ಅಷ್ಟು ಭಾರವಾದುದಲ್ಲ.

ಮೊದಲು ಕಂಬದ ಸಾಲವನ್ನು ತೀರಿಸಿಬಿಡೋಣ. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಕಂಬಗಳಲ್ಲಿ ಕೆಲವನ್ನು ಆರಿಸಿಕೊಂಡು, ಅವುಗಳ ನಾದವನ್ನು ಮುದ್ರಿಸಿ, ಅದರಲ್ಲಿ ಅಡಗಿದ ಕಂಪನಗಳನ್ನು ವಿಶ್ಲೇಷಿಸಿ, ಫಲಿತಾಂಶಗಳನ್ನು ೨೦೦೮ರಲ್ಲಿ ಪ್ರಕಟಿಸಿದರು. ಕಲ್ಲಿಗೆ ಯಾವ ಗಾಯವನ್ನೂ ಮಾಡದೆ, ಶ್ರವಣಾತೀತ ತರಂಗಗಳನ್ನು ಹಾಯಿಸಿ ಒಳಗನ್ನು ಪರೀಕ್ಷಿಸುವ ವಿಧಾನಗಳನ್ನೂ ಅವರು ಬಳಸಿದರು. ಕಂಬಗಳು ಟೊಳ್ಳಲ್ಲ, ಗಟ್ಟಿಯಾದ ಕಲ್ಲು. ನಾದ ಹುಟ್ಟುವುದು ಕಲ್ಲಿನ ಬಾಗುವ ಕಂಪನದಿಂದ ಎಂಬುದು ಅವರು ಕಂಡುಕೊಂಡ ಸಂಗತಿ.

ಬಾಗುವ ಕಂಪನ ಎಂದರೇನು? ದೊಡ್ಡ ಕಂಬವೊಂದರ ಸುತ್ತ ಸಣ್ಣ ಸಣ್ಣ ಕಿರುಗಂಬಗಳನ್ನು ಒಂದೇ ಬಂಡೆಯಿಂದ ಬಿಡಿಸಿ ಕಡೆದಿರುವುದನ್ನು ಆ ಮಂಟಪದಲ್ಲಿ ನೋಡಬಹುದು. ಕಿರುಗಂಬದ ಎರಡು ತುದಿಗಳೂ ಕಲ್ಲಿನಲ್ಲೇ ಭದ್ರವಾಗಿ ಸೇರಿಹೋಗಿವೆ. ನಡುಭಾಗ ಮಾತ್ರ ಸ್ವತಂತ್ರ. ಬೆರಳಿನಿಂದ ತಟ್ಟಿದಾಗ ಈ ನಡುಭಾಗವು ಕಣ್ಣಿಗೆ ಕಾಣದಷ್ಟು ಸ್ವಲ್ಪವಾಗಿ ಅತ್ತ ಬಾಗಿ, ಇತ್ತ ಬಾಗಿ ನಡುಗುತ್ತದೆ. ಅದರ ಕಂಪನ ಸಂಖ್ಯೆಯನ್ನು ಅಂದಾಜು ಮಾಡಲು ಒಂದು ಸುಲಭವಾದ ಸೂತ್ರ ಉಂಟು. ಚೌಕಾಕಾರದ ಕಂಬವಾದರೆ, ಅದರ ದಪ್ಪವನ್ನು ಆ ಕಲ್ಲಿನಲ್ಲಿ ಶಬ್ದ ಸಾಗುವ ವೇಗದಿಂದ ಗುಣಿಸಿ, ಕಂಬದ ಉದ್ದದ ವರ್ಗದಿಂದ ಭಾಗಿಸಿದರೆ ಹೆಚ್ಚು ಕಡಿಮೆ ಆ ಸಂಖ್ಯೆ ಬರುತ್ತದೆ. ಕಂಬದ ದಪ್ಪ ೧೦ ಸೆಂಟಿಮೀಟರ್, ಉದ್ದ ೧ ಮೀಟರ್, ಶಬ್ದದ ವೇಗ ಸೆಕೆಂಡಿಗೆ ೪,೦೦೦ ಮೀಟರ್ ಎಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ ಸುಮಾರು ೪೦೦ ಕಂಪನಗಳು. ಮನುಷ್ಯನ ಕಿವಿಗೆ ಹಿತವಾಗಿ ಕೇಳಿಸುವ ಸ್ವರವೇ ಆಯಿತು. ಉದ್ದವನ್ನು ೧.೨ ಮೀಟರಿಗೆ ಹೆಚ್ಚಿಸಿದರೆ ಕಂಪನ ಸಂಖ್ಯೆ ೨೮೦ರ ಆಸುಪಾಸಿಗೆ ಇಳಿಯುತ್ತದೆ.

ವೀಣೆಯ ತಂತಿಯ ಲೆಕ್ಕವನ್ನು ಕಲಿತ ವಿದ್ಯಾರ್ಥಿಗಳು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ತಂತಿಯ ಸ್ವರವನ್ನು ಅರ್ಧಕ್ಕೆ ಇಳಿಸಬೇಕಾದರೆ ಉದ್ದವನ್ನು ಎರಡರಷ್ಟು ಮಾಡಬೇಕು. ಕಂಬಕ್ಕಾದರೋ ಉದ್ದದ ವರ್ಗದ ಲೆಕ್ಕವಾದುದರಿಂದ ಸುಮಾರು ೧.೪ರಷ್ಟು ಮಾಡಿದರೆ ಸಾಕು. ಇನ್ನೊಂದು ವ್ಯತ್ಯಾಸವೂ ಉಂಟು. ತಂತಿಯಲ್ಲಿ ಮೂಲಸ್ವರದೊಡನೆ ಹುಟ್ಟುವ ಉಪಸ್ವರಗಳು ಅದರ ಎರಡರಷ್ಟು, ಮೂರರಷ್ಟು ಹೀಗೆ ಪೂರ್ಣಸಂಖ್ಯೆಗಳಲ್ಲಿ ಇರುತ್ತವೆ. ತುದಿಗಳು ಬಿಗಿಯಾದ ಸರಳಿನಲ್ಲಿ ಮೊದಲ ಉಪಸ್ವರ ೨.೭೬ರಷ್ಟು, ಎರಡನೆಯದು ೫.೪ರಷ್ಟು. ಕಂಬದ ನಾದ ವೀಣೆಯಂತೆ ಇಂಪಾಗಿ ಹರಿಯದೆ ಲೋಹವನ್ನು ಬಡಿದಂತೆ ಠಣತ್ಕರಿಸುವುದು ಈ ಕಾರಣದಿಂದ. ನಿಜವಾದ ಕಂಬಗಳಿಗೆ ಕೆತ್ತನೆಯುಂಟು, ಅಂಚುಗಳುಂಟು, ನಡುನಡುವೆ ಉಬ್ಬುಗಳುಂಟು; ನಮ್ಮ ಸೂತ್ರ ಅಲ್ಲಿ ಅಂದಾಜಿಗೆ ಮಾತ್ರ.

ಇದು ವಿಜ್ಞಾನ. ಇದನ್ನು ಹೀಗೆಯೇ ಬರೆದು ಮಂಟಪದ ಮುಂದೆ ನೆಟ್ಟರೆ ಸಾಕೆ? ಸಾಲದು ಎಂಬುದು ಯಾರಿಗಾದರೂ ತಿಳಿಯುವ ಮಾತು. ಬಿಸಿಲಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತ ತಾಯಿ ಉದ್ದದ ವರ್ಗದಿಂದ ಭಾಗಿಸಲಾರಳು. ಹಾಗೆಂದು ಅವಳಿಗೆ ಬರಿಯ ಕಥೆಯನ್ನು ಹೇಳಿ ಕಳುಹಿಸುವುದು ನ್ಯಾಯವೇ? ಪುರಾತತ್ವಜ್ಞನು ಹಳೆಯದನ್ನು ಹುಡುಕಿ ತೆಗೆಯುತ್ತಾನೆ; ಸಂರಕ್ಷಕನು ಅದನ್ನು ಕೆಡದಂತೆ ಕಾಯುತ್ತಾನೆ. ಇವರಿಬ್ಬರೂ ಅರಿತದ್ದನ್ನು ಆ ತಾಯಿಗೆ ಸುಳ್ಳಾಗದಂತೆಯೂ ಬೇಸರವಾಗದಂತೆಯೂ ಮುಟ್ಟಿಸುವವನು ಮೂರನೆಯವನು. ಅವನ ಶಿಕ್ಷಣವೇ ನಮ್ಮ ಪ್ರಸ್ತುತ ವಿಷಯ.

ಈ ಶಿಕ್ಷಣದ ಬೇರುಗಳು ವಸ್ತುಸಂಗ್ರಹಾಲಯಗಳಲ್ಲಿವೆ. ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬಾತ ೧೯೧೬ರಲ್ಲಿ ಒಂದು ವಿನೋದವಾದ ಲೇಖನವನ್ನು ಪ್ರಕಟಿಸಿದ. ಪ್ರದರ್ಶನದ ವಸ್ತುಗಳ ಬಗೆಗೆ ಸಣ್ಣ ಸಣ್ಣ ಪ್ರಶ್ನೆಗಳನ್ನು ಒಬ್ಬ ಮನುಷ್ಯನಿಗೆ ಕೊಟ್ಟು, ಅವುಗಳಿಗೆ ಉತ್ತರ ಹುಡುಕುವಾಗ ಅವನು ಹೇಗೆ ಬಗ್ಗುತ್ತಾನೆ, ಹೇಗೆ ಕುಕ್ಕರಿಸುತ್ತಾನೆ, ಕತ್ತನ್ನು ಹೇಗೆ ಚಾಚುತ್ತಾನೆ ಎಂಬುದರ ಛಾಯಾಚಿತ್ರಗಳನ್ನು ತೆಗೆದು ಅಚ್ಚುಹಾಕಿದ. ಸಂಗ್ರಹಾಲಯದಲ್ಲಿ ಜನಕ್ಕೆ ಉಂಟಾಗುವ ದಣಿವು ಅವರ ಸೋಮಾರಿತನದಿಂದಲ್ಲ, ವಸ್ತುಗಳನ್ನೂ ಚೀಟಿಗಳನ್ನೂ ಇಟ್ಟಿರುವ ಎತ್ತರದಿಂದ ಎಂಬುದು ಅವನ ವಾದ. ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ರಾಬಿನ್ಸನ್ ೧೯೨೮ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನೋಡಲು ಬಂದವರ ಹಿಂದೆ, ಅವರಿಗೆ ತಿಳಿಯದಂತೆ, ಗಡಿಯಾರ ಹಿಡಿದು ನಡೆದು, ಯಾವ ಚಿತ್ರದ ಮುಂದೆ ಎಷ್ಟು ಸೆಕೆಂಡು ನಿಂತರು ಎಂಬುದನ್ನು ಗುರುತುಹಾಕಿಸಿದ. ಭೌತವಿಜ್ಞಾನಿಗೆ ಇದು ಪರಿಚಯದ ದಾರಿಯೇ ಸರಿ. ಏನಾಗುತ್ತಿದೆಯೆಂದು ಊಹಿಸುವುದಕ್ಕೆ ಮೊದಲು ಅಳೆದು ನೋಡು!

ಮೂರನೆಯ ಹೆಸರು ಫ್ರೀಮನ್ ಟಿಲ್ಡೆನ್‌ನದು. ಈತ ವಿಜ್ಞಾನಿಯೂ ಅಲ್ಲ, ಇತಿಹಾಸಕಾರನೂ ಅಲ್ಲ. ಪತ್ರಿಕೋದ್ಯಮಿ, ಕಾದಂಬರಿಕಾರ, ನಾಟಕಕಾರ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತಿ, ಅಲ್ಲಿಯ ಕಾವಲುಗಾರರು ಪ್ರವಾಸಿಗಳೊಡನೆ ಮಾತನಾಡುವ ರೀತಿಯನ್ನು ಕೇಳಿ, ೧೯೫೭ರಲ್ಲಿ ಪರಂಪರೆಯ ಅರ್ಥವಿವರಣೆಯನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಬರೆದ. ಅದರ ಮುಖ್ಯವಾದ ಮಾತು ಇಷ್ಟು: ಕೇಳುವವನ ಅನುಭವಕ್ಕೆ ಎಲ್ಲಿಯೂ ತಾಕದ ವಿವರಣೆ ಬಂಜೆ, ಸುದ್ದಿಯ ರಾಶಿಯೇ ವಿವರಣೆಯಲ್ಲ, ಆದರೆ ಸುದ್ದಿಯಿಲ್ಲದೆ ವಿವರಣೆಯಿಲ್ಲ, ಮಕ್ಕಳಿಗೆ ಹೇಳುವುದೆಂದರೆ ದೊಡ್ಡವರಿಗೆ ಹೇಳಿದ್ದನ್ನು ನೀರು ಬೆರೆಸಿ ತೆಳ್ಳಗೆ ಮಾಡುವುದಲ್ಲ, ಅದಕ್ಕೆ ಬೇರೆಯದೇ ದಾರಿ ಬೇಕು. ನಾವು ಪಾಠ ಹೇಳುವವರೂ ಈ ಪುಸ್ತಕವನ್ನು ಓದಬೇಕು ಎಂದು ನಮಗೆ ಅನ್ನಿಸಿತು.

ಅನಂತರ ವಿಶ್ವವಿದ್ಯಾಲಯಗಳು ಬಂದುವು. ನಮ್ಮ ದೇಶದ ಬರೋಡದಲ್ಲಿ ವಸ್ತುಸಂಗ್ರಹಾಲಯ ಶಾಸ್ತ್ರದ ಅಧ್ಯಯನ ೧೯೫೨ರಲ್ಲಿಯೇ ಆರಂಭವಾಯಿತು ಎಂಬುದು ಹೆಮ್ಮೆಯ ಸಂಗತಿ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಪ್ರಸಿದ್ಧ ವಿಭಾಗ ಹುಟ್ಟಿದ್ದು ೧೯೬೬ರಲ್ಲಿ. ಸ್ವಿಟ್ಸರ್ಲೆಂಡಿನ ಲುಗಾನೊ ನಗರದ ವಿಶ್ವವಿದ್ಯಾಲಯವು ಈ ಶತಮಾನದ ಮೊದಲ ದಶಕದಲ್ಲಿ, ಗಣಕಯಂತ್ರದ ನೆರವಿನಿಂದ ಪರಂಪರೆಯ ಸಂವಹನವನ್ನು ಕಲಿಸುವ ಸ್ನಾತಕೋತ್ತರ ಪದವಿಯನ್ನೇ ತೆರೆಯಿತು. ಸ್ಮಾರಕಗಳ ಅಂತರರಾಷ್ಟ್ರೀಯ ಪರಿಷತ್ತಾದ ಇಕೊಮೊಸ್ ೨೦೦೮ರಲ್ಲಿ ಕೆನಡದ ಕ್ವಿಬೆಕ್ಕಿನಲ್ಲಿ ಸೇರಿ, ಪರಂಪರೆಯ ತಾಣಗಳನ್ನು ಜನಕ್ಕೆ ವಿವರಿಸುವುದರ ಬಗೆಗೆ ಒಂದು ಸನದನ್ನು ಅಂಗೀಕರಿಸಿತು. ಹೇಳುವ ಮಾತಿಗೆ ಆಧಾರವಿರಬೇಕು, ಆ ಆಧಾರ ಯಾವುದೆಂದು ದಾಖಲಾಗಿರಬೇಕು, ಸ್ಥಳೀಯರು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಮಾತಿಗೂ ಅಲ್ಲಿ ಸ್ಥಾನವಿರಬೇಕು ಎಂಬುದು ಅದರ ತಿರುಳು.

ಇಂಥ ಪದವಿಗಳಿಗೆ ಇತಿಹಾಸ ಓದಿದವರು, ವಾಸ್ತುಶಿಲ್ಪ ಓದಿದವರು, ಚಿತ್ರಕಲೆಯವರು, ಗಣಕ ವಿಜ್ಞಾನದವರು, ಕೆಲವು ವೇಳೆ ನಮ್ಮ ಹಾಗೆ ಭೌತವಿಜ್ಞಾನದವರು ಬಂದು ಸೇರುತ್ತಾರೆ. ಪಾಠದ ವಿಷಯಗಳೂ ಅಷ್ಟೇ ಮಿಶ್ರ: ಸ್ಮಾರಕಗಳ ಕಾನೂನು, ಸಂರಕ್ಷಣೆಯ ಮೂಲತತ್ತ್ವಗಳು, ಸ್ಮಾರಕವನ್ನು ಅಳೆದು ಮುದ್ರಿಸುವ ಉಪಕರಣಗಳು, ಪ್ರೇಕ್ಷಕರ ಅಧ್ಯಯನ, ಬರವಣಿಗೆ, ಕೊನೆಗೆ ನಿಜವಾದ ಯಾವುದಾದರೂ ಒಂದು ತಾಣವನ್ನು ಹಿಡಿದು ಬರೆಯುವ ಪ್ರಬಂಧ. ಇವುಗಳನ್ನೆಲ್ಲ ಬಿಡಿಬಿಡಿಯಾಗಿ ವಿವರಿಸುತ್ತ ಹೋದರೆ ವಿಶ್ವವಿದ್ಯಾಲಯದ ಕೈಪಿಡಿಯಾದೀತು. ಇದರೊಳಗಿನ ಎರಡು ಕಷ್ಟದ ಪ್ರಶ್ನೆಗಳನ್ನು ಮಾತ್ರ ನೋಡೋಣ.

ಮೊದಲನೆಯದು: ತೋರಿಸುವುದರಿಂದಲೇ ವಸ್ತು ನಾಶವಾಗುವುದಾದರೆ ಏನು ಮಾಡಬೇಕು? ಫ್ರಾನ್ಸಿನ ಲಾಸ್ಕೊ ಗುಹೆಯ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ೧೯೪೦ರ ಸೆಪ್ಟೆಂಬರಿನಲ್ಲಿ ನಾಲ್ವರು ಹುಡುಗರು ಅದರೊಳಗೆ ಇಳಿದು, ಪ್ರಾಚೀನ ಶಿಲಾಯುಗದ ಮಾನವರು ಬಿಡಿಸಿದ ಗೂಳಿ ಕುದುರೆಗಳ ಚಿತ್ರಗಳನ್ನು ಕಂಡರು. ೧೯೪೮ರಲ್ಲಿ ಗುಹೆಯನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ಜನ ಪ್ರವಾಹದೋಪಾದಿಯಲ್ಲಿ ಬಂದರು. ಅವರು ಗೋಡೆಯನ್ನು ಮುಟ್ಟಲಿಲ್ಲ, ಗೀಚಲಿಲ್ಲ, ಉಸಿರಾಡಿದರು, ಅಷ್ಟೆ. ಉಸಿರಿನ ಇಂಗಾಲದ ಡೈ ಆಕ್ಸೈಡು, ಆವಿ, ಮೈಯ ಶಾಖ—ಇವು ಸಾವಿರಾರು ವರ್ಷ ಒಂದೇ ಸ್ಥಿತಿಯಲ್ಲಿದ್ದ ಗುಹೆಯ ಗಾಳಿಯನ್ನು ಕೆಡಿಸಿದವು. ಗೋಡೆಯ ಮೇಲೆ ಹಸುರು ಪಾಚಿ ಬೆಳೆಯಿತು, ಬಿಳಿಯ ಸುಣ್ಣದ ಹರಳು ಕಟ್ಟಿತು. ೧೯೬೩ರಲ್ಲಿ ಗುಹೆಯನ್ನು ಮುಚ್ಚಿಬಿಟ್ಟರು. ಇಪ್ಪತ್ತು ವರ್ಷಗಳ ಅನಂತರ, ೧೯೮೩ರಲ್ಲಿ, ಸುಮಾರು ೨೦೦ ಮೀಟರ್ ದೂರದಲ್ಲಿ ಗುಹೆಯ ಮುಖ್ಯಭಾಗಗಳ ಪ್ರತಿಕೃತಿಯೊಂದು ಸಿದ್ಧವಾಯಿತು. ಇನ್ನೂ ಪೂರ್ಣವಾದ ಮತ್ತೊಂದು ಪ್ರತಿಕೃತಿ ೨೦೧೬ರಲ್ಲಿ ತೆರೆಯಿತು. ಇಂದು ಜನ ಹೋಗಿ ನೋಡುವುದು ಪ್ರತಿಕೃತಿಯನ್ನೇ. ಮೋಸವೆಂದು ಯಾರೂ ದೂರುವುದಿಲ್ಲ, ಏಕೆಂದರೆ ಅದು ಪ್ರತಿಕೃತಿ ಎಂದು ಮೊದಲೇ ಹೇಳಿದೆ.

ಹಂಪೆಯ ಕಂಬಗಳಿಗೂ ಅದೇ ಗತಿ. ಒಂದು ಬೆರಳು ತಟ್ಟಿದರೆ ಕಲ್ಲಿಗೆ ಏನೂ ಆಗದು. ಲಕ್ಷಾಂತರ ಜನ ಬೆರಳಿನಿಂದಲೂ ನಾಣ್ಯದಿಂದಲೂ ಕಲ್ಲಿನಿಂದಲೂ ಬಡಿದರೆ ಕೆತ್ತನೆ ಸವೆಯುತ್ತದೆ, ಅಂಚು ಸಿಡಿಯುತ್ತದೆ. ಆದುದರಿಂದಲೇ ಈಗ ಕಂಬ ತಟ್ಟುವುದಕ್ಕೆ ನಿಷೇಧವಿದೆ. ನಿಷೇಧ ಸರಿಯಾದುದೇ. ಆದರೆ ನಾದವೇ ಪ್ರಸಿದ್ಧಿಯಾದ ವಸ್ತುವನ್ನು ಮೂಕವಾಗಿ ತೋರಿಸಿದರೆ ಬಂದವನಿಗೆ ತೃಪ್ತಿಯೆಲ್ಲಿಂದ? ಶಾಸ್ತ್ರೀಯವಾಗಿ ಮುದ್ರಿಸಿದ ನಾದವನ್ನು ಕೇಳಿಸುವುದು ಒಂದು ದಾರಿ. ಅದೇ ಜಾತಿಯ ಕಲ್ಲಿನಲ್ಲಿ ಬೇರೆ ಬೇರೆ ಉದ್ದದ ನಾಲ್ಕು ಕಿರುಗಂಬಗಳನ್ನು ಕಡೆಸಿ, ಮಂಟಪದಿಂದ ದೂರದಲ್ಲಿ ನಿಲ್ಲಿಸಿ, ‘ಇವನ್ನು ಬೇಕಾದಷ್ಟು ತಟ್ಟಿ’ ಎಂದು ಬರೆಯುವುದು ಮತ್ತೊಂದು. ಎರಡನೆಯದರ ಮೇಲೆ ನಮಗೆ ಹೆಚ್ಚು ಪ್ರೀತಿ. ಉದ್ದಕ್ಕೂ ಸ್ವರಕ್ಕೂ ಇರುವ ಸಂಬಂಧವನ್ನು ಮಗುವೊಂದು ತನ್ನ ಬೆರಳಿನಿಂದಲೇ ಕಂಡುಕೊಳ್ಳಬಹುದಲ್ಲ!

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಹಾಳಾದುದನ್ನು ಚಿತ್ರದಲ್ಲಿ ಮತ್ತೆ ಕಟ್ಟಿ ತೋರಿಸುವಾಗ ಎಷ್ಟು ಕಟ್ಟಬಹುದು? ವಿಠ್ಠಲ ದೇವಾಲಯದ ಅಂಗಳದಲ್ಲಿಯೇ ಇರುವ ಕಲ್ಲಿನ ರಥವನ್ನು ತೆಗೆದುಕೊಳ್ಳೋಣ. ೨೦೧೭ರಿಂದ ಐವತ್ತು ರೂಪಾಯಿಯ ನೋಟಿನ ಮೇಲೆ ಅಚ್ಚಾಗುತ್ತಿರುವ ಅದರ ರೂಪ ವಾಚಕರೆಲ್ಲರಿಗೂ ಪರಿಚಿತ. ಆದರೆ ರಥ ಮೊದಲು ಹೀಗಿರಲಿಲ್ಲ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ೧೮೫೬ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ಸ್ಪಷ್ಟವಾಗಿ ಕಾಣುತ್ತದೆ. ಈಗ ಅದಿಲ್ಲ. ಗಣಕಯಂತ್ರದಲ್ಲಿ ರಥದ ಪೂರ್ವರೂಪವನ್ನು ರಚಿಸುವವನು ಶಿಖರವನ್ನು ಸೇರಿಸಿದರೆ ಅದಕ್ಕೆ ಛಾಯಾಚಿತ್ರದ ಬಲವಾದ ಸಾಕ್ಷ್ಯವಿದೆ.

ಅಲ್ಲಿಂದ ಮಹಾನವಮಿ ದಿಬ್ಬಕ್ಕೆ ಹೋಗೋಣ. ಕಲ್ಲಿನ ಜಗತಿ ಉಳಿದಿದೆ. ಮೇಲೆ ಕಂಬಗಳು ನಿಂತಿದ್ದ ನೆಲೆಗಳ ಗುರುತುಗಳಿವೆ. ಮೇಲಿನ ಮಂಟಪ ಮರದ್ದಾಗಿದ್ದು ನಾಶವಾಗಿರಬೇಕು. ೧೪೪೩ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್, ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇವರು ನವರಾತ್ರಿಯ ಉತ್ಸವವನ್ನು ಕಂಡು ವರ್ಣಿಸಿದ್ದಾರೆ. ಗುರುತುಗಳಿಂದ ಕಂಬಗಳ ಸ್ಥಾನ ತಿಳಿಯುತ್ತದೆ. ವರ್ಣನೆಯಿಂದ ವೈಭವ ತಿಳಿಯುತ್ತದೆ. ಛಾವಣಿಯ ಇಳಿಜಾರು ಎಷ್ಟು? ಅಂತಸ್ತುಗಳೆಷ್ಟು? ಬಣ್ಣ ಯಾವುದು? ಇವು ಕಲಾವಿದನ ಊಹೆ. ಆದರೆ ಗಣಕಯಂತ್ರದ ಚಿತ್ರದಲ್ಲಿ ಅಳೆದು ತಿಳಿದ ಜಗತಿ, ತರ್ಕದಿಂದ ಇಟ್ಟ ಕಂಬ, ಊಹಿಸಿದ ಛಾವಣಿ ಮೂರೂ ಒಂದೇ ಹೊಳಪಿನಿಂದ ಮೆರೆಯುತ್ತವೆ. ನೋಡುವವನು ಮೂರನ್ನೂ ಒಂದೇ ಸಮನಾಗಿ ನಂಬುತ್ತಾನೆ. ಚಿತ್ರ ಸೊಗಸಾದಷ್ಟೂ ಅಪಾಯ ಹೆಚ್ಚು.

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಗುರುತ್ವದ ವೇಗೋತ್ಕರ್ಷವನ್ನು ಅಳೆದು ೯.೮ ಎಂದು ಬರೆದರೆ, ನಾವು ಅವನನ್ನು ಸುಮ್ಮನೆ ಬಿಡುವುದಿಲ್ಲ. ದೋಷದ ಮಿತಿಯೆಷ್ಟು, ಹೆಚ್ಚು ಎಂದರೆ ಎಷ್ಟು, ಕಡಮೆ ಎಂದರೆ ಎಷ್ಟು ಎಂದು ಕೇಳುತ್ತೇವೆ. ದೋಷವನ್ನು ಒಪ್ಪಿಕೊಳ್ಳದ ಅಳತೆ ಅಳತೆಯೇ ಅಲ್ಲ. ಪರಂಪರೆಯ ಚಿತ್ರಗಳಿಗೂ ಇದೇ ಶಿಸ್ತನ್ನು ತರಬೇಕೆಂದು ವಿದ್ವಾಂಸರು ೨೦೦೬ರಲ್ಲಿ ಲಂಡನ್ ಸನದು ಎಂಬುದನ್ನು ರಚಿಸಿ ೨೦೦೯ರಲ್ಲಿ ಪರಿಷ್ಕರಿಸಿದರು. ಚಿತ್ರದ ಯಾವ ಭಾಗಕ್ಕೆ ಏನು ಆಧಾರ, ಎಲ್ಲಿ ಯಾವ ಆಯ್ಕೆಯನ್ನು ಏಕೆ ಮಾಡಿತು ಎಂಬುದನ್ನು ಚಿತ್ರಕಾರನು ಬರೆದಿಡಬೇಕು. ಅದು ನೋಡುವವನಿಗೂ ದೊರೆಯಬೇಕು. ಊಹೆಯ ಭಾಗವನ್ನು ಮಸುಕಾಗಿಯೋ ಬರಿಯ ಗೆರೆಗಳಲ್ಲಿಯೋ ತೋರಿಸುವುದು ಒಂದು ಉಪಾಯ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಲಿಸತಕ್ಕ ವಿಷಯಗಳಲ್ಲೆಲ್ಲ ನಮಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಇದು. ಉಪಕರಣಗಳು ಐದು ವರ್ಷಕ್ಕೊಮ್ಮೆ ಬದಲಾಗುತ್ತವೆ. ಈ ಶಿಸ್ತಿಗೆ ಹಳತಾಗುವ ಭಯವಿಲ್ಲ.

ಹಂಪೆಯಂಥ ದೊಡ್ಡ ತಾಣಕ್ಕೆ ಕಾವಲುಂಟು. ೧೯೮೬ರಲ್ಲಿಯೇ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ೧೯೫೮ರ ಕಾನೂನಿನಂತೆ ಕೇಂದ್ರ ಸರಕಾರದ ರಕ್ಷಣೆಯಲ್ಲಿ ಇರುವ ಸ್ಮಾರಕಗಳು ದೇಶದಲ್ಲೆಲ್ಲ ೩,೬೦೦ಕ್ಕೂ ಹೆಚ್ಚು. ಆದರೆ ನಮ್ಮ ನಾಡಿನ ಹಳ್ಳಿಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೆ, ಆಲದ ಮರದ ಬುಡದಲ್ಲಿ, ಗದ್ದೆಯ ಬದುವಿನಲ್ಲಿ ನಿಂತಿರುವ ಶಾಸನಗಳಿಗೆ, ವೀರಗಲ್ಲುಗಳಿಗೆ ಕಾವಲು ಯಾರು? ಬಿ. ಎಲ್. ರೈಸ್ ಅವರು ೧೮೮೬ರಿಂದ ಮುಂದಕ್ಕೆ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಇಂಥ ಸಾವಿರಾರು ಶಾಸನಗಳನ್ನು ಪ್ರಕಟಿಸಿದರು. ಬೆಂಗಳೂರು ಜಿಲ್ಲೆಯ ಸಂಪುಟ ೧೯೦೫ರದು. ಅಂದು ಅವರು ಓದಿಸಿದ ಕಲ್ಲುಗಳಲ್ಲಿ ಹಲವು ಇಂದು ಕಾಣಸಿಗುವುದಿಲ್ಲ. ರಸ್ತೆ ಬಂದ ಕಡೆ ಹೂತುಹೋದುವು, ಮನೆ ಕಟ್ಟಿದ ಕಡೆ ತಳಪಾಯವಾದುವು. ಕೆಡಿಸಿದವರು ದುಷ್ಟರಲ್ಲ. ಆ ಕಲ್ಲು ಏನು ಹೇಳುತ್ತಿತ್ತು ಎಂಬುದನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

ಬೆಂಗಳೂರಿನ ಮಿಥಿಕ್ ಸೊಸೈಟಿ ೨೦೨೧ರಲ್ಲಿ ಈ ಕೆಲಸಕ್ಕೆ ಕೈಹಾಕಿ, ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಗಣಕಯಂತ್ರಕ್ಕೆ ಇಳಿಸತೊಡಗಿತು. ಹಿಂದೆ ಶಾಸನದ ಪಡಿಯಚ್ಚನ್ನು ತೆಗೆಯಬೇಕಾದರೆ ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ಬಡಿದು, ಮಸಿ ಒತ್ತಬೇಕಾಗಿತ್ತು. ಈಗ ಕೈಯಲ್ಲಿ ಹಿಡಿದ ಉಪಕರಣ ಕಲ್ಲನ್ನು ಮುಟ್ಟದೆ ಬೆಳಕನ್ನು ಹರಿಸಿ ಪ್ರತಿ ಬಿಂದುವಿನ ಉಬ್ಬುತಗ್ಗನ್ನೂ ಗ್ರಹಿಸುತ್ತದೆ. ಅನಂತರ ಗಣಕಯಂತ್ರದ ಪರದೆಯ ಮೇಲೆ ಬೇಕಾದ ದಿಕ್ಕಿನಿಂದ ಬೆಳಕು ಬೀಳಿಸಿ ನೋಡಬಹುದು. ಓರೆಯ ಬೆಳಕಿನ ಮಹಿಮೆಯನ್ನು ಲೆಕ್ಕದಲ್ಲಿ ನೋಡಿ: ೧ ಮಿಲಿಮೀಟರ್ ಆಳದ ಅಕ್ಷರದ ಮೇಲೆ ಬೆಳಕು ಕಲ್ಲಿನ ಮೈಗೆ ೪೫ ಡಿಗ್ರಿಯ ಕೋನದಲ್ಲಿ ಬಿದ್ದರೆ ನೆರಳಿನ ಉದ್ದವೂ ೧ ಮಿಲಿಮೀಟರ್, ೧೦ ಡಿಗ್ರಿಯಲ್ಲಿ ಬಿದ್ದರೆ ಸುಮಾರು ೫.೭ ಮಿಲಿಮೀಟರ್. ಮಧ್ಯಾಹ್ನ ಬರಿಯ ಬಂಡೆಯಾಗಿ ಕಂಡದ್ದು ಸಂಜೆಯ ಇಳಿಬಿಸಿಲಿನಲ್ಲಿ ಶಾಸನವಾಗಿ ಕಾಣುವ ಗುಟ್ಟು ಇದೇ. ವಾಚಕರು ತಮ್ಮ ಊರಿನ ಕಲ್ಲಿನ ಮೇಲೆ, ಕತ್ತಲಾದ ಮೇಲೆ, ಒಂದು ಟಾರ್ಚನ್ನು ಪಕ್ಕದಿಂದ ಹಿಡಿದು ಪರೀಕ್ಷಿಸಬಹುದು. ಅಕ್ಷರ ಕಾಣಲೆಂದು ಸುಣ್ಣ, ಬಣ್ಣ ಬಳಿಯಬೇಡಿ, ಕಲ್ಲಿಗೆ ಕೇಡು.

ಬೇಗೂರಿನ ಸುಮಾರು ೮೯೦ರ ಶಾಸನದಲ್ಲಿ ಬೆಂಗಳೂರು ಎಂಬ ಹೆಸರೇ ಬರುತ್ತದೆ, ಒಂದು ಕಾಳಗದ ಪ್ರಸ್ತಾಪದಲ್ಲಿ. ಪೇಟೆಗೆ ಹೆಸರು ಬೆಂದ ಕಾಳಿನಿಂದ ಬಂತೆಂಬ ಕಥೆಯನ್ನು ಬಾಲ್ಯದಿಂದ ಕೇಳಿದವರ ಮುಂದೆ ಈ ಕಲ್ಲಿನ ಚಿತ್ರವನ್ನು ಇಟ್ಟರೆ ಅವರ ಮುಖ ಬದಲಾಗುವುದನ್ನು ನಾವೇ ಕಂಡಿದ್ದೇವೆ. ತನ್ನ ಊರಿನ ಹೆಸರು ಸಾವಿರ ವರ್ಷ ಹಿಂದಿನ ಕಲ್ಲಿನಲ್ಲಿದೆ ಎಂದು ತಿಳಿದವನು ಆ ಕಲ್ಲಿನ ಮೇಲೆ ಬಟ್ಟೆ ಒಗೆಯಲು ಹಿಂಜರಿಯುತ್ತಾನೆ.

ಈ ವಿದ್ಯೆ ಕಲಿತವರಿಗೆ ಉದ್ಯೋಗವೆಲ್ಲಿ ಎಂದು ತಂದೆತಾಯಿಗಳು ಕೇಳುವುದು ಸಹಜ. ಸಂಗ್ರಹಾಲಯಗಳು, ಪುರಾತತ್ವ ಮತ್ತು ಪ್ರವಾಸೋದ್ಯಮದ ಇಲಾಖೆಗಳು, ಪ್ರದರ್ಶನಗಳನ್ನು ರಚಿಸುವ ಸಂಸ್ಥೆಗಳು ಉಂಟು; ಹುದ್ದೆಗಳು ಮಾತ್ರ ಬೇಕಾದಷ್ಟು ಇಲ್ಲ. ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ನಮಗೆ ಒಪ್ಪದು.

ಹಂಪೆಯಿಂದ ಮರಳಿದ ಮೇಲೆ ನಡೆದ ಒಂದು ಸಂಗತಿಯನ್ನು ಹೇಳಬೇಕು. ನಮ್ಮ ತಪ್ಪನ್ನು ತರಗತಿಯಲ್ಲಿ ಒಪ್ಪಿಕೊಂಡು, ಅದರ ಪ್ರಾಯಶ್ಚಿತ್ತವೋ ಎಂಬಂತೆ, ಆ ಪದವಿಯ ವಿದ್ಯಾರ್ಥಿಗಳಿಗೆ ಕೊಡುವಂಥ ಅಭ್ಯಾಸವೊಂದನ್ನು ನಮ್ಮ ಹುಡುಗರಿಗೆ ಕೊಟ್ಟೆವು: ಹಾಡುವ ಕಂಬಗಳ ಮುಂದೆ ನಿಲ್ಲಿಸತಕ್ಕ ಫಲಕಕ್ಕೆ ಅರವತ್ತು ಪದಗಳಿಗೆ ಮೀರದಂತೆ ಬರೆಯಿರಿ. ಒಬ್ಬನು ಕಂಪನ ಸಂಖ್ಯೆಯ ಸೂತ್ರವನ್ನೇ ಬರೆದ. ಇನ್ನೊಬ್ಬನದು ಕಾವ್ಯವಾಯಿತು. ಮೂರನೆಯವಳು, ಪ್ರಶ್ನೆ ಕೇಳಿದ್ದ ಆ ಹುಡುಗಿಯೇ, “ಕುಂಬಾರನ ಅಂಗಡಿಯಲ್ಲಿ ಮಡಕೆ ತಟ್ಟಿ ನೋಡಿದಂತೆ” ಎಂದು ಬರೆದಳು. ಎಲ್ಲರಿಗೂ ಹಿಡಿಸಿತು, ನಮಗೂ ಹಿಡಿಸಿತು.

ಬರೆದುದನ್ನು ಓದುಗನ ಮೇಲೆ ಪರೀಕ್ಷಿಸದೆ ಒಪ್ಪಬಾರದು ಎಂಬುದು ಈ ಶಾಸ್ತ್ರದ ನಿಯಮ. ನಮ್ಮ ಕಾಲೇಜಿನ ಹಿರಿಯ ಜವಾನರನ್ನು ಕರೆದು, ಕೂರಿಸಿ, ಫಲಕದ ಮಾತನ್ನು ಓದಿ ಹೇಳಿ, “ಈಗ ಹೇಳಿ, ಕಂಬ ಒಳಗೆ ಹೇಗಿದೆ?” ಎಂದು ಕೇಳಿದೆವು. “ಟೊಳ್ಳು ಸ್ವಾಮಿ, ಮಡಕೆ ಹಂಗೆ” ಎಂದರು ಅವರು ತಡಮಾಡದೆ. ತರಗತಿ ಸ್ತಬ್ಧವ���ಯಿತು. ಉಪಮೆ ಸುಂದರವಾಗಿತ್ತು, ಹಂಪೆಯಲ್ಲಿ ನಾವು ಹೇಳಿದ ತಪ್ಪನ್ನೇ ಅದು ಇನ್ನೂ ಚೆನ್ನಾಗಿ ಹೇಳಿತ್ತು! ಗಟ್ಟಿಯಾದ ಕಲ್ಲು ಹೇಗೆ ಹಾಡೀತು ಎಂದು ಹುಡುಗರು ತಮ್ಮತಮ್ಮಲ್ಲೇ ಚರ್ಚಿಸುತ್ತಿರುವಾಗ ಜವಾನರೇ ಬಾಗಿಲಲ್ಲಿ ತಿರುಗಿ ನಿಂತರು. “ಯಾಕಾಗಬಾರದು? ನಾನು ದಿನಾ ಬಾರಿಸೋ ಗಂಟೆ ರೈಲು ಕಂಬಿ ತುಂಡು. ಅದೇನು ಟೊಳ್ಳಾ?” ಎಂದರು.

ಕಾಲೇಜಿನ ಪಡಸಾಲೆಯಲ್ಲಿ ತೂಗುಹಾಕಿದ ಆ ಕಂಬಿಯ ತುಂಡನ್ನು ನಾವು ದಿನವೂ ಕೇಳಿದ್ದೆವು. ಅದೂ ಗಟ್ಟಿ, ಅದೂ ಬಾಗಿ ನಡುಗಿಯೇ ನುಡಿಯುತ್ತದೆ. ಫಲಕ ಕೊನೆಗೆ ಹೀಗಾಯಿತು:

“ಈ ಕಂಬಗಳು ಟೊಳ್ಳಲ್ಲ, ಗಟ್ಟಿ ಕಲ್ಲು. ಶಾಲೆಯಲ್ಲಿ ಗಂಟೆಯಾಗಿ ತೂಗುವ ರೈಲು ಕಂಬಿಯಂತೆ, ತಟ್ಟಿದಾಗ ಇವು ಕಣ್ಣಿಗೆ ಕಾಣದಷ್ಟು ಬಾಗಿ ನಡುಗುತ್ತವೆ. ಉದ್ದ, ದಪ್ಪ ಬೇರೆಯಾದಂತೆ ಸ್ವರವೂ ಬೇರೆ. ತಟ್ಟಿ ತಟ್ಟಿ ಕಲ್ಲು ಸವೆಯುತ್ತಿದೆ, ದಯವಿಟ್ಟು ತಟ್ಟಬೇಡಿ. ಸ್ವರಕ್ಕಾಗಿಯೇ ಕಡೆದರೋ, ಕಡೆದ ಮೇಲೆ ಸ್ವರ ಕೇಳಿಸಿತೋ, ಶಿಲ್ಪಿಗಳು ಹೇಳಿಹೋಗಿಲ್ಲ.”

ಬ್ರಿಟಿಷರು ಕಂಬ ಕುಯ್ಯಿಸಿದ ಕಥೆಯನ್ನು ಸೇರಿಸಬೇಕೇ ಬೇಡವೇ ಎಂಬುದರ ಮೇಲೆ ತರಗತಿಯಲ್ಲಿ ಎರಡು ಪಕ್ಷಗಳಾದವು. ಆಧಾರವಿಲ್ಲದ್ದು ಬೇಡವೆಂದು ಒಂದು; ಜನ ನೂರಾರು ಬಾರಿ ಹೇಳಿಕೊಂಡದ್ದೂ ಕಂಬದ ಚರಿತ್ರೆಯ ಭಾಗವೇ, ‘ಹೀಗೊಂದು ಕಥೆ ಹೇಳುತ್ತಾರೆ’ ಎಂದು ಸೇರಿಸೋಣವೆಂದು ಇನ್ನೊಂದು. ಅಷ್ಟರಲ್ಲಿ ಹೊರಗೆ ಕಂಬಿ ಬಾರಿಸಿತು. ಮುಂದಿನ ತರಗತಿಯವರು ಬಾಗಿಲಲ್ಲಿ ಕಾಯುತ್ತಿದ್ದರು.